ಗಂಗವ್ವನ ಪಾಟಿ

ಗದಗಿನ ಒಂದು ಸಣ್ಣ ರಕ್ತಪರೀಕ್ಷಾ ಲ್ಯಾಬ್. ಕೌಂಟರ್‌ನಲ್ಲಿ ಗಂಗವ್ವ ರೋಗಿಯ ಹೆಸರನ್ನು ಟೈಪ್ ಮಾಡಿದರೆ, ಒಳಕೋಣೆಯಲ್ಲಿ ಟ್ಯೂಬಿಗೆ ಅಂಟಿಸುವ ಲೇಬಲ್ ಮುದ್ರಣವಾಗುತ್ತಿತ್ತು.

ಆ ಪ್ರೋಗ್ರಾಂ ಬರೆದವಳು ವಿನುತಾ... ಅದು ಅವಳ ಮೊದಲ ಕೆಲಸ.

ಜನ ಕಡಿಮೆಯಿದ್ದಾಗ ಎಲ್ಲವೂ ಸರಿ. ನೂಕುನುಗ್ಗಲಾದರೆ ಮಾತ್ರ ಒಬ್ಬರ ರಕ್ತಕ್ಕೆ ಇನ್ನೊಬ್ಬರ ಹೆಸರು! ಕೆಲವೊಮ್ಮೆ ಪ್ರೋಗ್ರಾಮೇ ನಿಂತುಹೋಗುತ್ತಿತ್ತು.

ವಿನುತಾ ಒಂದೊಂದೇ ಹೆಸರು ಹಾಕಿ ನೂರು ಸಲ ಪರೀಕ್ಷಿಸಿದಳು. ಒಂದೂ ತಪ್ಪು ಸಿಗಲಿಲ್ಲ.

"ಪ್ರೋಗ್ರಾಂ ಸರಿ ಐತ್ರಿ ಸರ್. ಟೈಪ್ ಮಾಡೋರ ಗಡಿಬಿಡಿ ಮಾಡಾಕತ್ತಾರ" ಎಂದು ಡಾಕ್ಟರರಿಗೆ ಹೇಳಿಬಿಟ್ಟಳು.

ಡಾಕ್ಟರು ಗಂಗವ್ವನನ್ನು ಕರೆದರು. "ನಾಳಿಂದ ಕೌಂಟರಿಗೆ ಬ್ಯಾರೆಯವರು ಬರ್ತಾರ. ನೀವು ಬರೂದು ಬ್ಯಾಡ."

ಹನ್ನೆರಡು ವರ್ಷದ ಕೆಲಸ... ಗಂಗವ್ವ ಕೌಂಟರಿಗೆ ಮರಳಿದರು.

ಅಷ್ಟರಲ್ಲಿ ಪ್ರೋಗ್ರಾಂ ಮತ್ತೆ ನಿಂತಿತು. ಅವರು ಮೇಜಿನ ಕೆಳಗಿನಿಂದ ಹಳೆಯ ಪಾಟಿ, ಅಂದರೆ ಸ್ಲೇಟು, ತೆಗೆದು, ಸಾಲಿನ ಮುಂದಿದ್ದ ಬಸುರಿ ಹೆಂಗಸಿನ ಹೆಸರು ಬರೆದು, ಒಳಗಿನವರಿಗೆ ಕಾಣುವಂತೆ ಕಿಟಕಿಯಲ್ಲಿಟ್ಟರು.

ಸಾಲಿನಲ್ಲಿದ್ದ ಅಜ್ಜನೊಬ್ಬ ರೇಗಿದ. "ಏನವಾ, ಅದನ್ನ ಒರಸಿ ನನ್ನ ಹೆಸರು ಬರಿ. ಪಾಟಿ ಪೂಜಾ ಮಾಡಾಕತ್ತೀಯೇನ?"

"ತಡಿ ಯಜ್ಜಾ. ಒಳಗಿನವರು 'ಬರಕೊಂಡೆ' ಅನ್ನೂತನಕ ನಾ ಒರಸಂಗಿಲ್ಲ. ಈಗ ಒರಸಿದ್ರ ಆ ಬಸರಿ ಹೆಣಮಗಳ ರಕ್ತಕ್ಕ ನಿನ್ನ ಹೆಸರು ಹತ್ತತೈತಿ. ಆ ರಿಪೋರ್ಟು ಹಿಡಕೊಂಡು ಮನ್ಯಾಗ ಏನ್ ಹೇಳ್ತಿ?"

ಇಡೀ ಸಾಲು ನಕ್ಕಿತು. ಪ್ರೋಗ್ರಾಂ ನಿಂತದ್ದನ್ನು ನೋಡಲು ಬಂದಿದ್ದ ವಿನುತಾ ನಗಲಿಲ್ಲ...

ಓಡಿಹೋಗಿ ತನ್ನ ಕೋಡ್ ತೆರೆದಳು.

ಹೆಸರನ್ನು ಅವಳು ಫಂಕ್ಷನ್ನಿನ ಸ್ಟ್ಯಾಕ್ ಮೆಮೊರಿಯಲ್ಲಿ, ಅಂದರೆ ಫಂಕ್ಷನ್ ಮುಗಿದೊಡನೆ ಬೇರೆಯದಕ್ಕೆ ಬಿಟ್ಟುಕೊಡುವ ತಾತ್ಕಾಲಿಕ ಜಾಗದಲ್ಲಿ, ಇಟ್ಟಿದ್ದಳು. ಲೇಬಲ್ ಮುದ್ರಿಸುವ ಥ್ರೆಡ್‌ಗೆ, ಅಂದರೆ ಪ್ರೋಗ್ರಾಂನೊಳಗೆ ಬೇರೆಯಾಗಿ ಓಡುವ ಕೆಲಸಕ್ಕೆ, ಆ ಜಾಗದ ವಿಳಾಸವನ್ನಷ್ಟೇ ಕೊಟ್ಟಿದ್ದಳು.

ಥ್ರೆಡ್ ಓದುವ ಮೊದಲೇ ಫಂಕ್ಷನ್ ಮುಗಿಯುತ್ತಿತ್ತು. ನೂಕುನುಗ್ಗಲಿದ್ದಾಗ ಅದೇ ಜಾಗಕ್ಕೆ ಮುಂದಿನ ರೋಗಿಯ ಹೆಸರು ಬಂದು ಕೂರುತ್ತಿತ್ತು; ಅಲ್ಲಿ ಅರ್ಥವಿಲ್ಲದ ಕಸ ಸಿಕ್ಕರೆ ಪ್ರೋಗ್ರಾಮೇ ನಿಲ್ಲುತ್ತಿತ್ತು.

"ಬರಕೊಂಡೆ" ಎನ್ನುವವರೆಗೆ ಅವಳ ಪ್ರೋಗ್ರಾಂ ಕಾದಿರಲೇ ಇಲ್ಲ!

ಪ್ರತಿ ಥ್ರೆಡ್‌ಗೂ ಹೆಸರಿನ ಸ್ವಂತ ನಕಲು ಸಿಗುವಂತೆ ತಿದ್ದಿದಳು. ಈ ಸಲ ಇನ್ನೂರು ಹೆಸರುಗಳನ್ನು ಒಟ್ಟಿಗೆ ನುಗ್ಗಿಸಿದಳು.

ಇನ್ನೂರೂ ಸರಿ.

ಸದ್ದಿಲ್ಲದೆ ಸುಮ್ಮನಿದ್ದುಬಿಡಬಹುದಿತ್ತು... ಯಾರಿಗೂ ತಿಳಿಯುತ್ತಿರಲಿಲ್ಲ.

ವಿನುತಾ ನೇರ ಡಾಕ್ಟರರ ಮುಂದೆ ನಿಂತಳು. "ಗಂಗವ್ವಾರದು ತಪ್ಪಿಲ್ರಿ ಸರ್. ತಪ್ಪು ನಂದು. ಅದನ್ನ ಹಿಡಕೊಟ್ಟವರೂ ಅವರ."

ಡಾಕ್ಟರು ತಾವೇ ಎದ್ದು ಕೌಂಟರಿಗೆ ಬಂದರು. "ಗಂಗವ್ವಾ, ನಾಳೆ ಎಂಟಕ್ಕ ಬರ್ರಿ. ನಂದೂ ತಪ್ಪಾತು."

ಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. ಪಾಟಿಯನ್ನು ವಿನುತಾಳ ಕೈಗಿಟ್ಟು ನಕ್ಕರು...

"ಒಯ್ಯಿ ತಂಗಿ. ನಿನ್ನ ಕಂಪ್ಯೂಟರಿಗೂ ಒಮ್ಮೆ ತೋರಸು."

ಇನ್ನೊಬ್ಬರ ಕೈಯಲ್ಲಿ ತಪ್ಪು ಹುಡುಕುವ ಮೊದಲು, ನಾವು ಬರೆದದ್ದನ್ನು ನಾವೇ ಮತ್ತೊಮ್ಮೆ ಓದಬೇಕು.

ನೀವು ಯಾರ ಮೇಲೋ ಹೊರಿಸಿ ಬಂದ ತಪ್ಪೊಂದು, ನಿಜಕ್ಕೂ ನಿಮ್ಮದೇ ಆಗಿರಬಹುದೇ...?