ಬರಿಗೊರಳು

ಅಂಬಾದಾಸ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿಕೊಂಡೇ ಬಂದಿದ್ದ, ಆದರೆ ಅದರ ಕುತ್ತಿಗೆ ಹೊರಗೆ ಇಣುಕುತ್ತಿತ್ತು. ಇನ್ನೊಂದು ಕೈಯಲ್ಲಿ ಶಬರಿಮಲೆಯ ಪ್ರಸಾದದ ಡಬ್ಬಿ. ಸಂಕ್ರಾಂತಿಯ ಮಧ್ಯಾಹ್ನ, ಮಲ್ಕಾಜ್‌ಗಿರಿ ಸ್ಟೇಷನ್ನಿನ ಹಿಂದಿನ ಆ ಒಂದೇ ಕೋಣೆಯ ಮನೆಯ ಬಾಗಿಲಲ್ಲಿ ನಿಂತು, "ಮೌನ್ಯಾ, ಮೊದಲ ಪ್ರಸಾದ ತೊಗೊ. ಆಮ್ಯಾಗ ತೀರ್ಥ," ಎಂದು ಕಣ್ಣು ಹೊಡೆದ. ಅವನ ಕೊರಳಿನ ಮಾಲೆ ಇಳಿದು ಒಂದೇ ದಿನವಾಗಿತ್ತು.

ಒಲೆಯ ಮುಂದೆ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುತ್ತಿದ್ದ ಹುಸೇನಮ್ಮನ ಕೈ ನಿಂತಿತು. ಬಂತಪ್ಪ ಶನಿ, ಅಂದುಕೊಂಡಳು. ಅವಳ ಗಂಡ ಮೌನಪ್ಪ, ಈ ಅಂಬಾದಾಸ, ಇಬ್ಬರೂ ಯಾದಗಿರಿ ಕಡೆಯಿಂದ ಈ ಪಟ್ಟಣಕ್ಕೆ ದುಡಿಯಲು ಬಂದವರು, ಒಂದೇ ಗುಂಪಿನ ಗಾರೆ ಗೌಂಡಿಗಳು. ಪ್ರತಿ ವರ್ಷ ಕೂಡಿಯೇ ಅಯ್ಯಪ್ಪನ ಮಾಲೆ ಹಾಕುತ್ತಿದ್ದರು. ಕೊರಳಲ್ಲಿ ಮಾಲೆ ಇರುವಷ್ಟು ದಿನ ಮೌನಪ್ಪ ದೇವರಂಥ ಮನುಷ್ಯ. ಹೆಂಡದಂಗಡಿಯ ಮುಂದೆ ಹಾದರೆ ಮುಖ ತಿರುವುತ್ತಿದ್ದ. ಹೆಂಡತಿಯೂ ಅವನನ್ನು ಸ್ವಾಮಿ ಎಂದೇ ಕರೆಯಬೇಕು. ಬೆಟ್ಟ ಹತ್ತಿಳಿದು ಬಂದು ಮಾಲೆ ತೆಗೆದನೋ, ಅವತ್ತೇ ಶುರು. ತಪ್ಪಿಹೋದದ್ದನ್ನೆಲ್ಲ ಬಡ್ಡಿ ಸಮೇತ ಕುಡಿಯುತ್ತಿದ್ದ. ಹೋದ ಸಂಕ್ರಾಂತಿಗೆ ಅವನ ಅವತಾರ ನೋಡಿ ಮಗಳು ನಿರೀಕ್ಷಾ ಮಂಚದ ಕೆಳಗೆ ಹೊಕ್ಕವಳು, ಎಷ್ಟು ಕರೆದರೂ ಹೊರಗೆ ಬರಲಿಲ್ಲ. ಇನ್ನೊಂದು ಸಲ ಹೀಗಾದರೆ ಮಗಳನ್ನು ಕರೆದುಕೊಂಡು ತವರಿಗೆ ಹೋಗುತ್ತೇನೆ, ತಿರುಗಿ ಬರುವುದಿಲ್ಲ ಎಂದು ಹುಸೇನಮ್ಮ ಆಗಲೇ ಹೇಳಿದ್ದಳು. ಅದು ಬರೀ ಬೆದರಿಕೆಯಲ್ಲ ಎಂಬುದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು.

ಈ ವರ್ಷವೋ, ಕಾರ್ತಿಕದಲ್ಲಿ ಅವಳು ಕರಿ ಲುಂಗಿ ಒಗೆದು ಮಡಿಚಿಟ್ಟರೆ ಮೌನಪ್ಪ, "ಈ ಸಲ ಮಾಲಿ ಹಾಕಂಗಿಲ್ಲ" ಎಂದುಬಿಟ್ಟ. ಇದ್ದ ಒಂದು ಬೇಲಿಯೂ ಹೋಯಿತಲ್ಲ ಎಂದು ನಳದ ಹತ್ತಿರ ಕೂತು ಅತ್ತಳು. ಆದರೆ ಅವನು ಕುಡಿಯಲಿಲ್ಲ. ಸ್ಲ್ಯಾಬ್ ಹಾಕಿದ ದಿನ ಮಾಲೆ ಇಲ್ಲದವರೆಲ್ಲ ಕುಡಿದರು, ಇವನು ಕುಡಿಯಲಿಲ್ಲ. ಹೊಸ ವರ್ಷಕ್ಕೆ ಓಣಿಗೆ ಓಣಿಯೇ ತೂರಾಡಿತು, ಆಗಲೂ ಇಲ್ಲ. ಹುಸೇನಮ್ಮನಿಗೆ ಮಾತ್ರ ನಂಬಿಕೆ ಬರಲೊಲ್ಲದು. ಸಂಕ್ರಾಂತಿ ಬರಲಿ, ಈ ಅಂಬಾದಾಸ ಬರಲಿ, ಆಗ ಗೊತ್ತಾಗುತ್ತದೆ ಎಂದು ಕಾಯುತ್ತಿದ್ದಳು.

ಮೌನಪ್ಪ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ತಿಂದ. ಬಾಟಲಿಯ ಕಡೆ ನೋಡಿ, "ಒಲ್ಲೆ" ಅಂದ.

"ಯಾಕ, ಕಾಮಣಿ ಆಗೈತೇನು?"

"ಇಲ್ಲ."

"ಡಾಕ್ಟರ್ ಬ್ಯಾಡ ಅಂದಾನೇನು?"

"ಇಲ್ಲ."

"ಮತ್ತ ಯಾ ದೇವರಿಗೆ ಹರಕಿ ಹೊತ್ತಿ?"

"ಯಾ ದೇವರಿಗೂ ಇಲ್ಲ."

ಅಂಬಾದಾಸ ಕಕ್ಕಾಬಿಕ್ಕಿಯಾದ. ರೋಗವಿಲ್ಲ, ಹರಕೆಯಿಲ್ಲ, ಕೊರಳು ಬರಿದು. ಅಂಥವನು ಹಬ್ಬದ ದಿನ ಒಲ್ಲೆ ಎನ್ನುವುದುಂಟೆ? "ಮಾಲಿ ಇದ್ದಾಗ ಒಲ್ಲೆ ಅಂದ್ರ ಅದು ಅಯ್ಯಪ್ಪ ಅಂದಂಗ. ಈಗ ಯಾರು ಅನ್ನಾಕತ್ತಾರಲೇ?"

"ನಾನ ಅನ್ನಾಕತ್ತೀನಿ," ಎಂದ ಮೌನಪ್ಪ. "ಅಂಬಣ್ಣ, ಮಾಲಿ ಹಾಕ್ಕೊಂಡಾಗ ನಾ ದಿನಾ ಎಣಿಸ್ತಿದ್ದೆ. ಬಾಯಾಗ ಶರಣು, ಮನಸಿನ್ಯಾಗ ಬಾಟ್ಲಿ. ಯಾಕಂದ್ರ ಮಾಲಿ ತಗಿಯೋ ದಿನ ಅಂತ ಒಂದು ಇರತೈತಿ. ಈ ಸಲ ಹಾಕೇ ಇಲ್ಲ. ಹಾಕಿಲ್ಲಂದಮ್ಯಾಗ ತಗಿಯೋ ದಿನ ಎಲ್ಲಿಂದ ಬರಬೇಕು?"

ಅಂಬಾದಾಸನೂ ದಿನ ಎಣಿಸಿದವನೇ. ಬಾಟಲಿಯ ಕುತ್ತಿಗೆ ಕಾಣದ ಹಾಗೆ ಟವೆಲು ಎಳೆದುಕೊಂಡು, "ಬರತೀನಿ ತಂಗಿ" ಎಂದು ಹುಸೇನಮ್ಮನಿಗೆ ಹೇಳಿ ಹೋದ. ಓಣಿಯ ತುದಿಯಲ್ಲಿ ಕಾದು ನಿಂತಿದ್ದ ಅವನ ಜೊತೆಯವರು ನಕ್ಕದ್ದು ಒಳಗೆ ಕೇಳಿಸಿತು.

ಅವನು ಮರೆಯಾದದ್ದೇ ತಡ, ಮೌನಪ್ಪ ಗೋಡೆಗೆ ಬೆನ್ನು ಕೊಟ್ಟು ಕುಸಿದು ಕೂತ. ಜನವರಿಯ ತಂಪಿನಲ್ಲೂ ಅಂಗಿ ಬೆವರಿಗೆ ಒದ್ದೆಯಾಗಿತ್ತು. ಹುಸೇನಮ್ಮ ತಂಬಿಗೆ ತುಂಬ ನೀರು ಕೊಟ್ಟಳು. ಹಿಡಿದ ಕೈ ನಡುಗಿ ಅರ್ಧ ನೀರು ಎದೆಯ ಮೇಲೆ ಚೆಲ್ಲಿತು. ಅವಳು ನೋಡುತ್ತ ನಿಂತಳು. ಇವನಿಗೆ ಹೆಂಡ ಮರೆತಿದೆ ಎಂದುಕೊಂಡಿದ್ದಳು, ಇಲ್ಲವೇ ಕದ್ದು ಕುಡಿಯುತ್ತಾನೆ ಎಂದುಕೊಂಡಿದ್ದಳು. ಮರೆತಿರಲಿಲ್ಲ, ಕದ್ದು ಕುಡಿದಿರಲೂ ಇಲ್ಲ. ಇಷ್ಟು ದಿನ, ಸ್ವಾಮಿ ಎಂದು ಒಬ್ಬರೂ ಕರೆಯದಿದ್ದರೂ, ಕಟ್ಟಿಕೊಂಡ ಹೆಂಡತಿಯೇ ನಂಬದಿದ್ದರೂ, ಈ ನಡುಕವನ್ನು ಒಬ್ಬನೇ ನುಂಗಿಕೊಂಡು ಗಾರೆ ಕಲಸಿ, ಇಟ್ಟಿಗೆ ಕಟ್ಟಿ, ಮನೆಗೆ ಬಂದು ರೊಟ್ಟಿ ತಿಂದು ಮಲಗಿದ್ದಾನೆ. ಇವನು ಯಾರು, ಇವನನ್ನು ನಾನು ಇವತ್ತೇ ಮೊದಲ ಸಲ ನೋಡುತ್ತಿರುವೆನೇ ಎಂದು ಅವಳಿಗೆ ಅನ್ನಿಸಿತು.

ಮೌನಪ್ಪ ಎದ್ದು ಗೂಡಿನಲ್ಲಿದ್ದ ಬೀಗ ತೆಗೆದು ಅವಳ ಕೈಯಲ್ಲಿಟ್ಟ. "ಅವರು ಮತ್ತ ಬರತಾರ. ಹಬ್ಬದ ದಿನ ಭಾಳ ಉದ್ದ ಐತಿ. ಹೊರಗಿಂದ ಬೀಗ ಹಾಕಿ, ನಿರೀಕ್ಷಾನ್ನ ಕರಕೊಂಡು ನಾಂಪಲ್ಲಿ ನುಮಾಯಿಷ್ ಜಾತ್ರಿ ನೋಡ್ಕೊಂಡು ಬಾ."

"ಬೀಗ ತಗಿ ಅಂತ ನೀವು ಒಳಗಿಂದ ಕೂಗಿದ್ರ?"

"ಅದಕ್ಕ ನಾಂಪಲ್ಲಿಗಿ ಹೋಗು ಅಂದೆ. ಅಲ್ಲಿತನ ಕೇಳಂಗಿಲ್ಲ."

ಹುಸೇನಮ್ಮ ರೊಟ್ಟಿಯ ಬುಟ್ಟಿಯನ್ನೂ ನೀರಿನ ಕೊಡವನ್ನೂ ಅವನ ಹತ್ತಿರ ಸರಿಸಿದಳು. ಮಾಳಿಗೆಯ ಮೇಲೆ ಗಾಳಿಪಟ ನೋಡುತ್ತಿದ್ದ ಮಗಳನ್ನು ಕೂಗಿ ಕರೆದಳು. ಬಾಗಿಲೆಳೆದು ಬೀಗ ಹಾಕಿ ಒಮ್ಮೆ ಜಗ್ಗಿ ನೋಡಿದಳು. ಓಣಿಯ ತುದಿಯಿಂದ ಗಂಡಸರು ಇತ್ತಲೇ ನೋಡುತ್ತಿದ್ದರು. ನೋಡಿದರೆ ನೋಡಲಿ. ಅವಳು ತಲೆಯ ಮೇಲೆ ಸೆರಗು ಹೊದ್ದು, ಪೂಜಾರಿ ಬಾಗಿಲು ಹಾಕಿಕೊಂಡು ಹೋದಮೇಲೆ ಗುಡಿಗೆ ಬಂದವರು ಮಾಡುವ ಹಾಗೆ, ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು.