ಮೈದಾ ಅಂಟು

ಕಾಯಂ ಆಗುವ ಪೌರಕಾರ್ಮಿಕರ ಎಕ್ಸೆಲ್ ಪಟ್ಟಿ ಬಂದ ಬೆಳಿಗ್ಗೆ, ಪುರಸಭೆಯ ಗುಮಾಸ್ತ ಅದನ್ನು ಪ್ರಿಂಟ್ ತೆಗೆದು ಗಾಳಪ್ಪನ ಕೈಗಿಟ್ಟ.

"ಕಾಗದ ದಂಡ ಮಾಡ್ಬೇಡಿ ಅಂದವ್ರೆ ಸಾಹೇಬ್ರು. ಎಂಟು ಹಾಳೆ ಆಗೋದನ್ನ ನಾಲ್ಕಕ್ಕೇ ಮುಗಿಸಿದೀನಿ. ಯಾವನೂ ಕೀಳದಂಗೆ ಅಂಟಿಸಯ್ಯ."

ಹದಿನಾಲ್ಕು ವರ್ಷ ಚರಂಡಿ ಬಳಿದಿದ್ದ ಗಾಳಪ್ಪ ಮೈದಾ ಕಾಯಿಸಿ ಕಚೇರಿಯ ಗೋಡೆಗೆ ದಪ್ಪಗೆ ಮೆತ್ತಿದ. ಅದರ ಮೇಲೆ ಹಾಳೆಗಳನ್ನಿಟ್ಟು ಅಂಗೈಯಲ್ಲಿ ಚೆನ್ನಾಗಿ ತೀಡಿದ. ಆಮೇಲೆ ತನ್ನ ಹೆಸರು ಹುಡುಕಿದ. ಮಧ್ಯಾಹ್ನದವರೆಗೂ ಹುಡುಕಿದ.

"ಸಾ, ನನ್ನ ಹೆಸರು ಕಾಣ್ತಿಲ್ಲ. ಒಂದ್ಸಲ ನೋಡಿ."

"ಅಂಟಿಸಿದೋನು ನೀನೇ ಅಲ್ವಾ? ಗೋಡೆ ಮೇಲೆ ಇಲ್ಲ ಅಂದ್ರೆ ಇಲ್ಲ."

"ನನ್ಗಿಂತ ಆಮೇಲೆ ಸೇರಿದೋರ ಹೆಸರೈತೆ ಸಾ."

"ಅದನ್ನ ಸರ್ಕಾರನ ಕೇಳು. ಹೆಸರಿರೋರು ಐದು ಗಂಟೆಯೊಳಗೆ ಸಹಿ ಹಾಕ್ಬೇಕು. ಇಲ್ದೋರು ಗುರುತಿನ ಕಾರ್ಡ್ ಕೊಟ್ಟು ಹೊರಡಿ. ನನ್ನ ತಲೆ ತಿನ್ಬೇಡ."

ಮೇಜಿನ ಮೇಲೆ ಆಗಲೇ ಕಾರ್ಡುಗಳ ಗುಡ್ಡೆ ಬಿದ್ದಿತ್ತು. ಗಾಳಪ್ಪ ನಾಲ್ಕೂ ಹಾಳೆಗಳ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿ ಬಂದ. ಕೊರಳಿನ ಕಾರ್ಡು ಕಳಚಿ ಆ ಗುಡ್ಡೆಗೆ ಹಾಕಿದ. ಐದು ಹೊಡೆಯಿತು. ಗುಮಾಸ್ತ ಸಹಿಯ ಪುಸ್ತಕವನ್ನು ಬೀರುವಿಗೆ ಸೇರಿಸಿ ಬೀಗ ಜಡಿದು, ಬೈಕು ಹತ್ತಿ ಹೋದ.

ಒಬ್ಬನೇ ಉಳಿದ ಗಾಳಪ್ಪನಿಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ತೀರಿಸಿಕೊಳ್ಳುವುದೆಂದು ತೋಚದೆ ಕೊನೆಯ ಹಾಳೆಗೆ ಉಗುರು ಹಾಕಿ ಪರಪರ ಎಳೆದ. ತಾನೇ ತೀಡಿದ ಅಂಟು, ಅರ್ಧ ಹಾಳೆ ಮಾತ್ರ ಹರಿದು ಕೈಗೆ ಬಂತು.

ಅದರ ಹಿಂಬದಿಯಲ್ಲೂ ಪಟ್ಟಿ ಅಚ್ಚಾಗಿತ್ತು, ಮೈದಾ ಮೆತ್ತಿದ ಮೊದಲ ಹೆಸರು ಅವನದು.