ಜನಸಭೆಯಲ್ಲಿ ನಾಗವೇಣಿ

ರಾಜಧಾನಿಯ ಜನಸಭೆಯೊಳಗೆ ಸುಳ್ಳಿಗೆ ದನಿ ಇರಲಿಲ್ಲ. ಯಾರೇ ಸುಳ್ಳು ಹೇಳಿದರೂ ತುಟಿ ಮಾತ್ರ ಆಡುತ್ತಿತ್ತು. ರಾಜ್ಯಶಾಸ್ತ್ರದ ಅಧ್ಯಯನ ಪ್ರವಾಸಕ್ಕೆಂದು ಬಂದು ಗ್ಯಾಲರಿಯಲ್ಲಿ ಕೂತಿದ್ದ ಸಿಂಧನೂರಿನ ವಿದ್ಯಾರ್ಥಿನಿ ನಾಗವೇಣಿ ಬೆಳಗಿನಿಂದ ಅದನ್ನೇ ನೋಡುತ್ತಿದ್ದಳು. ಮಂತ್ರಿಯೊಬ್ಬರು ಎರಡು ನಿಮಿಷ ಸದ್ದಿಲ್ಲದೆ ಭಾಷಣ ಮಾಡಿದರು. ಉಳಿದವರು ಆಕಳಿಸುತ್ತ ಕಾದರು.

ಪ್ರಬಂಧ ಸ್ಪರ್ಧೆಯಲ್ಲಿ ಗೆದ್ದದ್ದಕ್ಕೆ ಅವಳಿಗೆ ಈ ಪ್ರವಾಸ ಸಿಕ್ಕಿತ್ತು. ಆದರೆ ಪ್ರಬಂಧ ಗೆಳತಿ ಶಾಹೀನಳದು. ತಾಯಿಗಾಗಿ ಆಸ್ಪತ್ರೆಗೆ ಓಡಾಡುತ್ತಿದ್ದ ಶಾಹೀನ, ಕಾಲೇಜಿಗೆ ಒಪ್ಪಿಸೆಂದು ಕೊನೆಯ ದಿನ ಅದನ್ನು ಇವಳ ಕೈಗೆ ಕೊಟ್ಟಿದ್ದಳು. ನಾಗವೇಣಿ ಮೊದಲ ಹಾಳೆ ಬದಲಿಸಿ ತನ್ನ ಹೆಸರು ಬರೆದಿದ್ದಳು. ಗೆಳತಿಯೂ ತನ್ನದೊಂದು ಬರೆದು ಗೆದ್ದಳೆಂದೇ ಶಾಹೀನ ನಂಬಿದ್ದಳು.

ಮಧ್ಯಾಹ್ನ ಅವಳ ಜಿಲ್ಲೆಯ ಹಿರಿಯ ಸದಸ್ಯೆ ಗಂಗಮ್ಮ ಗ್ಯಾಲರಿಗೆ ಬಂದರು. "ಭಾಳ ಚಂದ ಬರ್ದೀಯವ್ವ. ಎಲ್ಲಾ ನೀನ ಬರ್ದದ್ದೇನು?"

ನಾಗವೇಣಿ "ಹೌದ್ರಿ" ಎನ್ನಹೋದಳು. ಸದ್ದು ಹೊರಡಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದರೂ ತುಟಿಗಳಷ್ಟೇ ಅಲುಗಿದವು. ಪಕ್ಕದಲ್ಲಿದ್ದ ಅವಳ ಉಪನ್ಯಾಸಕರು ತಲೆ ತಗ್ಗಿಸಿದರು.

ಗಂಗಮ್ಮ ಅವಳ ಬೆನ್ನು ಸವರಿದರು. "ಇರಲಿ ಬಿಡು. ನಮಗೂ ಮೊದಮೊದಲು ಹಿಂಗ ನಾಚಿಕಿ ಆಗ್ತಿತ್ತು."

ಆ ಸಮಾಧಾನದ ಮಾತಿಗೆ ನಾಗವೇಣಿಯ ಮುಖ ಕಿವಿಯವರೆಗೂ ಬಿಸಿಯಾಯಿತು. ಎಲ್ಲ ಹೇಳಿಬಿಡಬೇಕೆಂದು ಜನಸಭೆಯ ಹೊರಗೆ ಬಂದು ಶಾಹೀನಳಿಗೆ ಫೋನ್ ಮಾಡಿದಳು.

"ನಾಗೂ, ನಂದ್ಯಾಕ ಆಯ್ಕೆ ಆಗ್ಲಿಲ್ಲ ಅಂತ ಅಲ್ಲಿ ಯಾರ್ನಾರ ಕೇಳಿದ್ಯೇನು?" ಎಂದಳು ಶಾಹೀನ.

ನಾಗವೇಣಿ ಉಸಿರು ಎಳೆದುಕೊಂಡಳು. "ಕೇಳ್ದೆ. ಒಂದ ಮಾರ್ಕಿನಾಗ ಹೋತಂತ."

ದನಿ ಎಲ್ಲೂ ತಡೆಯದೆ ಸ್ಪಷ್ಟವಾಗಿ ಹೊರಟಿತು.

"ಹೋಗ್ಲಿ ಬಿಡು," ಎಂದಳು ಶಾಹೀನ. "ನೀನಾದ್ರೂ ನೋಡಿ ಬಂದೆಲ್ಲ, ಅಷ್ಟು ಸಾಕು ನನಗ."